ಈ ವಾರ ನಮ್ಮ ಪಾಳಿ

ನಮ್ಮ ಮನೆ ಬಾಗಿಲಿನ ಹಿಡಿಗೆ ಯಾರೋ ಒಂದು ಹಲಗೆ ನೇತುಹಾಕಿ ಹೋಗಿದ್ದರು. ಅಂಗೈಯಷ್ಟು ಅಗಲದ ಮರದ ಹಲಗೆ, ಅದಕ್ಕೊಂದು ದಾರ, ಮೇಲೆ ಕೊಂಕು ಕೊಂಕಾದ ಅಕ್ಷರದಲ್ಲಿ ಒಂದೇ ಒಂದು ಪದ. 2022ರ ಡಿಸೆಂಬರ್ ಅದು. ಜರ್ಮನಿಯ ಸ್ಟುಟ್‌ಗಾರ್ಟಿಗೆ ನಾವು ಬಂದು ಆರೇಳು ವಾರ ಆಗಿತ್ತು. ನನ್ನ ಜರ್ಮನ್ ಇನ್ನೂ 'ಒಂದು ಕಾಫಿ ಕೊಡಿ' ದಾಟಿರಲಿಲ್ಲ. ಅಕ್ಷರ ಕೂಡಿಸಿಕೊಂಡು ಓದಿದೆ: ಕೇರ್‌ವೊಖೆ. ವೊಖೆ ಅಂದರೆ ವಾರ, ಅಷ್ಟು ಗೊತ್ತಿತ್ತು. ಕೇರ್ ಅಂದರೆ? ನನ್ನ ಕಣ್ಣಮುಂದೆ ಬಂದದ್ದು ಮೊರ ಹಿಡಿದು ಅಕ್ಕಿ ಕೇರುತ್ತಾ ಕೂತ ನಮ್ಮಜ್ಜಿ. ಕೇರುವ ವಾರ!

ಎದುರು ಮನೆಯವರ ಹಲಗೆ ಇರಬೇಕು, ಯಾರೋ ತಪ್ಪಿ ನಮ್ಮ ಬಾಗಿಲಿಗೆ ಹಾಕಿದ್ದಾರೆ ಅಂದುಕೊಂಡೆ. ಒಯ್ದು ಎದುರು ಬಾಗಿಲಿಗೆ ಸಿಕ್ಕಿಸಿ ಬಂದೆ. ಮಾರನೇ ದಿನ ನೋಡಿದರೆ ಹಲಗೆ ವಾಪಸ್ ನಮ್ಮ ಬಾಗಿಲಲ್ಲಿ. ಮತ್ತೆ ಹಾಕಿ ಬಂದೆ. ಮತ್ತೆ ಬಂತು. ಮೂರನೇ ಸಲ ಸದ್ದಾಗದ ಹಾಗೆ ಬಾಗಿಲು ತೆಗೆದು, ತುದಿಗಾಲಲ್ಲಿ ಹೋಗಿ ದಾರ ಸಿಕ್ಕಿಸುತ್ತಿದ್ದೆ. ಎದುರು ಬಾಗಿಲು ತೆರೆಯಿತು. ಎಂಬತ್ತರ ಹತ್ತಿರದ ಅಜ್ಜಿ. ಕೈಯಲ್ಲಿ ಪೊರಕೆ.

ಅಜ್ಜಿ ಸ್ವಲ್ಪ ಹೊತ್ತು ಅಲ್ಲೇ ನಿಂತಿರಲಿ. ಮೊದಲು ಬೆಲ್ಲಿನ ಕಥೆ ಹೇಳಿಬಿಡುತ್ತೇನೆ.

ದೇಶ ಬಿಟ್ಟು ಹೊರಟವರಿಗೆ ಎಲ್ಲರೂ ಚಳಿಯ ಬಗ್ಗೆ ಹೇಳುತ್ತಾರೆ, ಊಟದ ಬಗ್ಗೆ ಹೇಳುತ್ತಾರೆ. ಚಳಿಗೆ ಜಾಕೆಟ್ ಸಿಗುತ್ತದೆ. ಸೋನಾ ಮಸೂರಿ, ರಾಗಿ ಹಿಟ್ಟು ಎಲ್ಲಾ ಇಂಡಿಯನ್ ಅಂಗಡಿಯಲ್ಲಿ ಇದೆ. ಸಬ್ಬಸಿಗೆ ಸೊಪ್ಪನ್ನು ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಮೀನಿಗೆ ಹಾಕೋಕೆ ಅಂತ ಬೆರಳು ಗಾತ್ರದ ಕಟ್ಟು ಕಟ್ಟಿ ಮಾರುತ್ತಾರೆ. ಅಂಥ ನಾಲ್ಕು ಕಟ್ಟು ತಂದರೆ ಒಂದು ದಿನದ ಅಕ್ಕಿರೊಟ್ಟಿಗೆ ಸಾಕು. ಬಿಲ್ ಮಾಡುವ ಹುಡುಗಿ ಮಾತ್ರ ಇವರ ಮನೆಯಲ್ಲಿ ಎಷ್ಟು ಮೀನು ತಿನ್ನುತ್ತಾರಪ್ಪಾ ಅನ್ನೋ ಹಾಗೆ ನೋಡುತ್ತಾಳೆ. ಇದೆಲ್ಲ ಹೇಗೋ ಆಗುತ್ತದೆ. ಹೆಸರಿನ ಬಗ್ಗೆ ಮಾತ್ರ ನಮಗೆ ಯಾರೂ ಹೇಳಿರಲಿಲ್ಲ.

ಬಾಡಿಗೆ ಮನೆ ಸಿಕ್ಕಿದ್ದೇ ದೊಡ್ಡದು. ಇಲ್ಲಿ ಬಾಡಿಗೆಯಲ್ಲಿ ಎರಡು ಜಾತಿ, ತಣ್ಣನೆ ಬಾಡಿಗೆ ಮತ್ತು ಬೆಚ್ಚನೆ ಬಾಡಿಗೆ. ತಣ್ಣನೆಯದು ಬರೀ ಗೋಡೆಗೆ. ಹೀಟರು, ನೀರು, ಕಸ ಎಲ್ಲ ಸೇರಿದರೆ ಬೆಚ್ಚನೆಯದು. ಅಡ್ವಾನ್ಸ್ ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ ಅಂತ ಕಾನೂನು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದ ನಮಗೆ ಇದು ಪುಕ್ಕಟೆ ಅನಿಸಿತು. ಒಳಗೆ ಹೋಗಿ ನೋಡಿದ ಮೇಲೆ ಗೊತ್ತಾಯಿತು. ಅಡುಗೆಮನೆ ಅಂತ ತೋರಿಸಿದ ಕೋಣೆಯಲ್ಲಿ ಗೋಡೆಯಿಂದ ಎರಡು ಪೈಪು ಹೊರಗೆ ಬಂದಿದ್ದವು, ಅಷ್ಟೇ. ಸಿಂಕ್ ಇಲ್ಲ, ಒಲೆ ಇಲ್ಲ, ಒಂದು ಶೆಲ್ಫ್ ಕೂಡ ಇಲ್ಲ. ಹಳೇ ಬಾಡಿಗೆದಾರರು ತಮ್ಮ ಅಡುಗೆಮನೆ ಬಿಚ್ಚಿಕೊಂಡು ಹೋಗಿದ್ದರು. ಬಲ್ಬೂ ಹೋಗಿತ್ತು, ಸೂರಿನಿಂದ ವೈರು ನೇತಾಡುತ್ತಿತ್ತು. ಇಲ್ಲಿ ಇದು ಮಾಮೂಲು. ಮೂರು ವಾರ ಬಾತ್‌ರೂಮಿನ ನಲ್ಲಿಯಲ್ಲಿ ಅಕ್ಕಿ ತೊಳೆದೆ.

ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಅನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಓನರ್ ಸಹಿ ಹಾಕಿದ ಕಾಗದ ಬೇಕು. ಆಧಾರ್ ಇಲ್ಲದ ದೇಶದಲ್ಲಿ ಇದೇ ಆಧಾರ, ಇದಾದ ಮೇಲೇ ತೆರಿಗೆ ನಂಬರ್ ಬರುವುದು. ಫಾರಂನಲ್ಲಿ ಧರ್ಮ ಯಾವುದು ಅಂತ ಒಂದು ಕಾಲಂ ಇತ್ತು. ನಾನು ಸ್ವಲ್ಪ ಗಾಬರಿಯಾದೆ. ಕಾರಣ ಸರಳ: ಚರ್ಚಿನ ಸದಸ್ಯರಿಂದ ಸರ್ಕಾರವೇ ಚರ್ಚ್ ತೆರಿಗೆ ಹಿಡಿದುಕೊಳ್ಳುತ್ತದೆ. ಈ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಶೇ. 8ರಷ್ಟು. ನಮಗೆ ಅದು ಇಲ್ಲ ಅಂತ ಗೊತ್ತಾದ ಕೂಡಲೇ ನನ್ನ ಗಂಡನಿಗೆ ದೇವರ ಮೇಲೆ ಭಕ್ತಿ ಹೆಚ್ಚಾಯಿತು.

ಎಲ್ಲಾ ಪೋಸ್ಟಿನಲ್ಲಿ ಬರುತ್ತದೆ ಅಂದರು. ಕಾದೆವು. ಎರಡು ವಾರ ಆಯಿತು, ಮೂರು ವಾರ ಆಯಿತು. ಬ್ಯಾಂಕಿನ ಪಿನ್ ಇಲ್ಲ, ತೆರಿಗೆ ನಂಬರ್ ಇಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ, ಕಳಿಸಿದ್ದೆವು, ವಾಪಸ್ ಬಂದಿದೆ, ಆ ವಿಳಾಸದಲ್ಲಿ ಆ ಹೆಸರಿನವರು ಯಾರೂ ಇಲ್ಲವಂತೆ ಅಂದರು. ಇಲ್ಲಾ ಅಂದರೆ? ಇದೇ ವಿಳಾಸದಲ್ಲಿ ಕೂತು ನಾನು ಫೋನ್ ಮಾಡುತ್ತಿದ್ದೇನೆ!

ಬೆಂಗಳೂರಿನಲ್ಲಿ ನಮ್ಮ ವಿಳಾಸ ಒಂದು ಪ್ರಬಂಧದ ಹಾಗಿತ್ತು. ಮೇನು, ಕ್ರಾಸು, ಗಣೇಶನ ಗುಡಿ ಎದುರು, ಎರಡನೇ ಮಹಡಿ, ಫ್ಲಾಟ್ ನಂಬರ್. ಇಷ್ಟಿದ್ದೂ ಡೆಲಿವರಿ ಹುಡುಗ ಫೋನ್ ಮಾಡಿ 'ಮೇಡಂ, ಲೊಕೇಶನ್ ಕಳ್ಸಿ' ಅನ್ನುತ್ತಿದ್ದ. ಇಲ್ಲಿ ಬೀದಿ, ಕಟ್ಟಡದ ನಂಬರ್, ಮುಗಿಯಿತು. ಒಳಗಿನ ಮನೆಗಳಿಗೆ ಸಾಮಾನ್ಯವಾಗಿ ನಂಬರೇ ಇರುವುದಿಲ್ಲ. ಕೆಳಗೆ ಬಾಗಿಲ ಹತ್ತಿರ ಬೆಲ್ಲುಗಳ ಸಾಲು, ಪ್ರತಿ ಬೆಲ್ಲಿನ ಪಕ್ಕ ಒಂದು ಸರ್‌ನೇಮ್. ಅಂಚೆ ಡಬ್ಬಿಯ ಮೇಲೂ ಅದೇ. ಪೋಸ್ಟ್‌ಮ್ಯಾನ್ ಹೆಸರು ನೋಡಿ ಕಾಗದ ಹಾಕುತ್ತಾನೆ. ಹೆಸರಿಲ್ಲವೋ, ನೀವಿಲ್ಲ. ನಮ್ಮ ಡಬ್ಬಿಯ ಮೇಲೆ ಇನ್ನೂ ಹಳಬರ ಹೆಸರೇ ಇತ್ತು.

ಅವತ್ತೇ ಕಾಗದದ ಚೂರಿನಲ್ಲಿ ಬರೆದು ಟೇಪ್ ಅಂಟಿಸಿದೆ. ಬರೆಯುವಾಗಲೇ ನಗು ಬಂತು. ಇನಿಶಿಯಲ್ ಇಟ್ಟುಕೊಂಡು ಬೆಳೆದವರು ನಾವು. ಒಂದಕ್ಷರ ಊರಿಗೆ, ಒಂದಕ್ಷರ ಅಪ್ಪನಿಗೆ. ಪಾಸ್‌ಪೋರ್ಟಿಗೆ ಆ ಅಕ್ಷರಗಳನ್ನು ಬಿಡಿಸಿ ಬರೆಯುವಾಗ ನನ್ನ ಸರ್‌ನೇಮಿನ ಜಾಗದಲ್ಲಿ ಅಪ್ಪನ ಹೆಸರು ಹೋಯಿತು. ಗಂಡನದರಲ್ಲಿ ಊರಿನ ಹೆಸರು ಹೋಯಿತು. ಊರು ಅಂದರೆ ತಿಪಟೂರಿನ ಆಚೆಗಿನ ಒಂದು ಹಳ್ಳಿ, ಬಸ್ಸು ದಿನಕ್ಕೆರಡು ಸಲ ಹೋಗುತ್ತದೆ. ಹೆಸರಿನ ಕೊನೆಯಲ್ಲಿ 'ಹಳ್ಳಿ' ಅಂತಲೇ ಇದೆ. ಈಗ ಸ್ಟುಟ್‌ಗಾರ್ಟಿನ ಒಂದು ಬೆಲ್ಲಿನ ಪಕ್ಕ ಮೇಲೆ ಹಳ್ಳಿ, ಕೆಳಗೆ ನಮ್ಮಪ್ಪ.

ಹೆಸರು ಅಂಟಿಸಿದ ಮೇಲೆ ಬಂದ ಮೊದಲ ಕಾಗದ ಯಾವುದು ಗೊತ್ತಾ? ಸಾರ್ವಜನಿಕ ಟಿವಿ ಮತ್ತು ರೇಡಿಯೋಗೆ ಕಟ್ಟುವ ದುಡ್ಡಿನದು. ಮನೆಗೆ ತಿಂಗಳಿಗೆ 18.36 ಯೂರೋ. ಮನೆಯಲ್ಲಿ ಟಿವಿ ಇರಲಿ ಬಿಡಲಿ. ನಮ್ಮಲ್ಲಿ ಆಗ ಕುರ್ಚಿಯೂ ಇರಲಿಲ್ಲ, ಸೂಟ್‌ಕೇಸ್ ಮೇಲೆ ಕೂತು ಆ ಕಾಗದ ಓದಿದೆವು.

ಡಾಕ್ಟರ್ ಹತ್ತಿರ, ಆಫೀಸಿನಲ್ಲಿ, ಎಲ್ಲಾ ಕಡೆ ಫ್ರೌ ಸೇರಿಸಿ ನನ್ನನ್ನು ಅಪ್ಪನ ಹೆಸರಿಂದ ಕೂಗುತ್ತಾರೆ. ಶ್ರೀಮತಿ ಅಪ್ಪ, ಒಳಗೆ ಬನ್ನಿ! ಮೊದಮೊದಲು ಬೇರೆ ಯಾರನ್ನೋ ಕರೀತಿದ್ದಾರೆ ಅಂತ ಸುಮ್ನೆ ಕೂತಿರುತ್ತಿದ್ದೆ. ಗಂಡನನ್ನು ಊರಿನ ಹೆಸರಿಂದ ಕರೆಯುತ್ತಾರೆ. ಅವರ ಮ್ಯಾನೇಜರ್ ಮೀಟಿಂಗಿನಲ್ಲಿ ಇಡೀ ಹಳ್ಳಿಗೇ ಗುಡ್ ಮಾರ್ನಿಂಗ್ ಹೇಳುತ್ತಾರೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಬೆಲ್ ತೋರಿಸಿದೆ. ಕನ್ನಡಕ ಹಾಕಿಕೊಂಡು, ಫೋನ್ ಮೂಗಿನ ಹತ್ತಿರ ತಂದು ನೋಡಿದರು. 'ಒಂದು ಎಚ್ ಬಿಟ್ಟುಬಿಟ್ಟಿದೀಯಲ್ಲಮ್ಮ' ಅಂದರು. ಆಮೇಲೆ ಎರಡು ದಿನ ಪಾರ್ಕಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರಂತೆ.

ಈಗ ಅಜ್ಜಿಯ ಹತ್ತಿರ ಬರೋಣ.

ಅಜ್ಜಿ ಬೈಯಲಿಲ್ಲ. ಹಲಗೆ ತೋರಿಸಿದರು. ಪೊರಕೆ ತೋರಿಸಿದರು. ಮೆಟ್ಟಿಲು ತೋರಿಸಿದರು. ಕೊನೆಗೆ ನನ್ನ ಕಡೆ ಬೆರಳು ಮಾಡಿದರು. ಅರ್ಥವಾಯಿತು. ಇಲ್ಲಿ ಕೇರೆನ್ ಅಂದರೆ ಗುಡಿಸುವುದು. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಅವರು ತಮ್ಮ ಮಹಡಿಯ ಮೆಟ್ಟಿಲು ಗುಡಿಸಿ ಒರೆಸಬೇಕು. ಮುಗಿಸಿ ಹಲಗೆಯನ್ನು ಪಕ್ಕದ ಮನೆಗೆ ದಾಟಿಸಬೇಕು. ಇದು ಸಣ್ಣ ಕೇರ್‌ವೊಖೆ. ದೊಡ್ಡದು ಬೇರೆ ಇದೆ, ಅದರಲ್ಲಿ ಅಂಗಳ, ಕಟ್ಟಡದ ಮುಂದಿನ ಫುಟ್‌ಪಾತು, ಹಿಮ ಬಿದ್ದರೆ ಹಿಮ. ನಾನು ಮೂರು ದಿನ ಮಾಡಿದ್ದೇನು? ನನ್ನ ಕೆಲಸ ಒಯ್ದು ಎಂಬತ್ತರ ಹೆಂಗಸಿನ ಬಾಗಿಲಿಗೆ ಕಟ್ಟಿ ಬರುತ್ತಿದ್ದೆ.

ನಾಚಿಕೆಯಿಂದ ಒಳಗೆ ಓಡಿ ಪೊರಕೆ ತಂದೆ. ಊರಿಂದ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದ ಹುಲ್ಲುಪೊರಕೆ. (ನಗಬೇಡಿ. ಅಮ್ಮ ಇಟ್ಟದ್ದು.) ಬಗ್ಗಿ, ಮೇಲಿಂದ ಕೆಳಗೆ ಹದಿನಾರು ಮೆಟ್ಟಿಲು ಗುಡಿಸಿದೆ. ಅಜ್ಜಿ ಆ ಪೊರಕೆ ಇಸ್ಕೊಂಡು, ಹುಲ್ಲು ಸವರಿ ನೋಡಿ, ತಲೆ ಆಡಿಸಿದರು. ಆಮೇಲೆ ಕಂಬಿ ಹಿಡಿದುಕೊಂಡು ನಿಧಾನ ಇಳಿದರು. ಪ್ರತಿ ಮೆಟ್ಟಿಲಿನ ಮೂಲೆಗೂ ತೋರುಬೆರಳು ಹಾಕಿದರು. ಗೋಡೆಯೂ ಮೆಟ್ಟಿಲೂ ಸೇರುವ ಜಾಗ ಇದೆಯಲ್ಲ, ಅಲ್ಲಿ ಧೂಳು ಮುದ್ದೆ ಕಟ್ಟಿರುತ್ತದೆ. ಬೆರಳಿನ ತುದಿ ನನಗೆ ತೋರಿಸಿದರು. ಕಾಲೊರಸು ಎತ್ತಿ ಅದರ ಕೆಳಗೆ ತೋರಿಸಿದರು. ಕಂಬಿಯ ಅಡಿಭಾಗ ಸವರಿ ತೋರಿಸಿದರು. ಎರಡನೇ ಸಲ ಮಾಡಿದ ಮೇಲೆ 'ಸೋ' ಅಂದು ಒಳಗೆ ಹೋದರು. ಅಷ್ಟೇ. ಚೆನ್ನಾಗಿದೆ ಅನ್ನಲಿಲ್ಲ. ಈ ಸೀಮೆಯ ಜನರನ್ನು ಶ್ವಾಬರು ಅನ್ನುತ್ತಾರೆ. ಅವರಲ್ಲಿ ಒಂದು ಗಾದೆ ಇದೆ ಅಂತ ಆಮೇಲೆ ಗೊತ್ತಾಯಿತು: ಬೈಯಲಿಲ್ಲ ಅಂದರೆ ಹೊಗಳಿದ ಹಾಗೇ. ನಮ್ಮ ಮಾವ ಇಲ್ಲೇ ಹುಟ್ಟಬೇಕಿತ್ತು.

ಇದು ನಿನ್ನೆ ಮೊನ್ನೆಯ ರೂಢಿ ಅಲ್ಲ. 1492ರಲ್ಲಿ ಇಲ್ಲಿನ ದೊರೆ ಎಬರ್‌ಹಾರ್ಡ್, 'ಗಡ್ಡದ ಎಬರ್‌ಹಾರ್ಡ್' ಅಂತಲೇ ಅವನಿಗೆ ಹೆಸರು, ಸ್ಟುಟ್‌ಗಾರ್ಟಿನ ಜನ ತಮ್ಮ ತಮ್ಮ ಕಸವನ್ನು ವಾರಕ್ಕೊಮ್ಮೆ ಹೊರಗೆ ಸಾಗಿಸಬೇಕು ಅಂತ ನಿಯಮ ಮಾಡಿದ. ಕೇರ್‌ವೊಖೆಯ ಬೇರು ಅಲ್ಲಿದೆ ಅನ್ನುತ್ತಾರೆ. ಊರಿನ ಕಾನೂನಿನಿಂದ ಇದು ಬಿಟ್ಟುಹೋಗಿ ಎಷ್ಟೋ ವರ್ಷ ಆಯಿತು. ಬಾಡಿಗೆ ಕರಾರಿನಲ್ಲಿ ಮಾತ್ರ ಗಟ್ಟಿಯಾಗಿ ಕೂತಿದೆ. ನಮ್ಮ ಕರಾರಿನಲ್ಲೂ ಇತ್ತು. ಇಪ್ಪತ್ತು ಪುಟದ ಜರ್ಮನ್ ಯಾರು ಓದುತ್ತಾರೆ, ಸಹಿ ಹಾಕಿದ್ದೆವು.

ಆ ಚಳಿಗಾಲದ ನನ್ನ ಕಷ್ಟ ಗುಡಿಸುವುದಲ್ಲ, ಗುಡಿಸುವಾಗ ಯಾರಾದರೂ ನೋಡಿಬಿಟ್ಟರೆ ಅನ್ನುವುದು. ಮೇಲಿನ ಮಹಡಿಯಲ್ಲಿ ಪುಣೆಯ ಒಂದು ಕುಟುಂಬ ಇದೆ. ಅವರು ಇಳಿದು ಬರುವ ಹೊತ್ತು ತಪ್ಪಿಸಿ, ಬೆಳಿಗ್ಗೆ ಆರಕ್ಕೆ, ಜಾಕೆಟ್ಟಿನ ಟೋಪಿ ಮುಖಕ್ಕೆ ಎಳೆದುಕೊಂಡು ಗುಡಿಸುತ್ತಿದ್ದೆ. ಅವರೂ ತಮ್ಮ ಮಹಡಿಯಲ್ಲಿ ಇದನ್ನೇ ಮಾಡುತ್ತಾರೆ, ಅದೂ ಗೊತ್ತು. ಆದರೂ. ಬೆಳಿಗ್ಗೆ ಆಗದಿದ್ದರೆ ಆಫೀಸಿಂದ ಬಂದ ಮೇಲೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಒಂದು ಸಲ ಅಮ್ಮ ಅದೇ ಹೊತ್ತಿಗೆ ಫೋನ್ ಮಾಡಿದರು. ಕಿವಿಗೆ ಸಿಕ್ಕಿಸಿಕೊಂಡೇ ಗುಡಿಸುತ್ತಿದ್ದೆ.

'ಏನೇ ಅದು ಸರ ಸರ ಅಂತ?'

'ಮೆಟ್ಲು ಗುಡಿಸ್ತಿದೀನಮ್ಮ.'

'ದೀಪ ಹಚ್ಚೋ ಹೊತ್ತಲ್ಲಿ ಯಾರಾದ್ರೂ ಪೊರಕೆ ಮುಟ್ತಾರಾ?'

ಇಲ್ಲಿ ಚಳಿಗಾಲದಲ್ಲಿ ದೀಪ ಹಚ್ಚದ ಹೊತ್ತು ಯಾವುದು ಅಂತ ಹೇಗೆ ಹೇಳಲಿ? ಭಾನುವಾರ ಮಾಡೋಣ ಅಂದರೆ ಭಾನುವಾರ ಇಲ್ಲಿ ಸದ್ದು ಮಾಡಬಾರದು. ಅಂಗಡಿಗೂ ಬಾಗಿಲು, ವ್ಯಾಕ್ಯೂಮ್ ಕ್ಲೀನರಿಗೂ ರಜ. ಅಮ್ಮನ ಲಕ್ಷ್ಮಿ ಒಂದು ಕಡೆ, ಇವರ ಭಾನುವಾರ ಇನ್ನೊಂದು ಕಡೆ. ಸಿಗುವುದು ಶನಿವಾರ ಹಗಲು ಒಂದೇ. ಪುಣೆಯವರು ಓಡಾಡುವುದೂ ಆಗಲೇ. 'ಇಂಜಿನಿಯರಿಂಗ್ ಓದಿಸಿದ್ದು ಇದಕ್ಕಾ' ಅಂದರು ಅಮ್ಮ. ಹಿಂದಿನಿಂದ ಅಪ್ಪ ಕೂಗಿ ಕೇಳಿದರು: 'ಅಂದ್ರೆ ಅಲ್ಲಿ ನನ್ನ ಹೆಸರಲ್ಲಿ ಕಸ ಗುಡಿಸ್ತಿದಾಳಾ?' ಅವರಿಗೆ ಬೇಜಾರಾಯಿತೋ ತಮಾಷೆಯೋ, ಇವತ್ತಿಗೂ ಗೊತ್ತಾಗಿಲ್ಲ.

ನನಗೆ ಅಮ್ಮನ ಮಾತಿಗಿಂತ ನನ್ನ ಟೋಪಿಯೇ ಜಾಸ್ತಿ ಚುಚ್ಚಿತು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ವರ್ಷ ಇದ್ದೆ. ದಿನಾ ಬೆಳಿಗ್ಗೆ ಒಬ್ಬರು ಮೆಟ್ಟಿಲು ಗುಡಿಸುತ್ತಿದ್ದರು. ನಾನು ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಇಳಿಯುವಾಗ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು. ನೀಲಿ ಸೀರೆ ನೆನಪಿದೆ, ಗಾಜಿನ ಬಳೆ ನೆನಪಿದೆ. ಹೆಸರು ಗೊತ್ತಿಲ್ಲ. ನಾಲ್ಕು ವರ್ಷ. ಎಲ್ಲರೂ 'ಹೌಸ್‌ಕೀಪಿಂಗ್‌ನವರು' ಅನ್ನುತ್ತಿದ್ದೆವು. ಹೆಸರಿಲ್ಲವೋ, ನೀವಿಲ್ಲ ಅಂತ ಮೇಲೆ ಜರ್ಮನ್ ಪೋಸ್ಟ್‌ಮ್ಯಾನ್ ಬಗ್ಗೆ ಆಡಿಕೊಂಡೆನಲ್ಲ.

ಭಾಷೆ ನಿಧಾನಕ್ಕೆ ಬಂತು. ಕ್ಲಾಸಿನಲ್ಲಿ ಕಲಿಯುವ ಜರ್ಮನ್ ಒಂದು, ಅಜ್ಜಿ ಆಡುವುದು ಇನ್ನೊಂದು. ಪುಸ್ತಕದ ಕನ್ನಡ ಕಲಿತು ಸೀದಾ ಕುಂದಾಪುರದಲ್ಲಿ ಬಸ್ಸಿಳಿದ ಹಾಗೆ. ಇದನ್ನು ಇಲ್ಲಿಯವರೇ ಒಪ್ಪಿಕೊಳ್ಳುತ್ತಾರೆ. 'ನಮಗೆ ಎಲ್ಲಾ ಬರುತ್ತೆ, ಶುದ್ಧ ಜರ್ಮನ್ ಒಂದು ಬಿಟ್ಟು' ಅಂತ ಈ ರಾಜ್ಯ ಸರ್ಕಾರವೇ ವರ್ಷಗಟ್ಟಲೆ ಜಾಹೀರಾತು ಮಾಡಿತ್ತು. ಆಗ ನನಗೆ ಕಿಟ್ಟೆಲ್ ನೆನಪಾಗುತ್ತಿದ್ದರು. ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆಯ ಮುಂದೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿಲ್ಲ! ಅವರು ಕೊನೆಗಾಲ ಕಳೆದದ್ದು ಇಲ್ಲೇ, ರೈಲಿನಲ್ಲಿ ಒಂದು ಗಂಟೆಯೊಳಗೆ ಸಿಗುವ ಟ್ಯೂಬಿಂಗನ್‌ನಲ್ಲಿ. 1853ರಲ್ಲಿ ನಮ್ಮ ಕಡೆ ಬಂದವರು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟು, ಹತ್ತಿರ ಹತ್ತಿರ 70,000 ಪದ. ಅದೇ ಗಡ್ಡದ ದೊರೆ ಕಟ್ಟಿದ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ತಂದ ಹರ್ಮನ್ ಮೊಗ್ಲಿಂಗ್ ಅಂತೂ ಈ ಸೀಮೆಯಲ್ಲೇ ಹುಟ್ಟಿದವರು. ತೀರಿಕೊಂಡದ್ದು ಪಕ್ಕದ ಎಸ್ಲಿಂಗನ್‌ನಲ್ಲಿ, ಲೋಕಲ್ ಟ್ರೇನಿನಲ್ಲಿ ಕಾಲು ಗಂಟೆ.

ಮೊರದಲ್ಲಿ ಕೇರುವುದನ್ನು ಮೊದಲ ಸಲ ಕೇಳಿದಾಗ ಮೊಗ್ಲಿಂಗರಿಗೆ ತಮ್ಮೂರಿನ ಪೊರಕೆ ನೆನಪಾಗಿರಬಹುದಾ? ಕಿಟ್ಟೆಲ್ ಅವರಿಗೆ ಆಗಿರಲಿಕ್ಕಿಲ್ಲ. ಅವರು ಹುಟ್ಟಿದ್ದು ಉತ್ತರದ ಕಡಲಂಚಿನ ಸೀಮೆಯಲ್ಲಿ, ಆ ಕಡೆ ಗುಡಿಸುವುದಕ್ಕೆ ಫೇಗೆನ್ ಅನ್ನುತ್ತಾರೆ. ಇದನ್ನೆಲ್ಲ ಅಜ್ಜಿಗೆ ಹೇಳಿದೆ. ನಿಮ್ಮ ಪಕ್ಕದೂರಿನವರು ನಮ್ಮ ಭಾಷೆಯ ಮೊದಲ ಪತ್ರಿಕೆ ತಂದರು ಅಂದೆ. 'ಹೌದಾ, ಅಲ್ಲಿ ಅವರಿಗೆ ಗುಡಿಸಿ ಕೊಡುತ್ತಿದ್ದವರು ಯಾರು?' ಅಂತ ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಎರಡನೇ ಚಳಿಗಾಲದಲ್ಲಿ ಅಜ್ಜಿ ಸೊಂಟದ ಆಪರೇಷನ್ನಿಗೆ ಹೋದರು. ಆರು ವಾರ ಹಲಗೆಯನ್ನು ನಮ್ಮ ಬಾಗಿಲಲ್ಲೇ ಇಟ್ಟುಕೊಂಡೆ. ದೊಡ್ಡ ಕೇರ್‌ವೊಖೆಯೂ ಅದೇ ಹೊತ್ತಿಗೆ ಬಂತು, ಹಿಮವೂ ಬಂತು. ಬೆಳಿಗ್ಗೆ ಏಳರೊಳಗೆ ಫುಟ್‌ಪಾತಿನ ಹಿಮ ಸರಿಸಿರಬೇಕು, ಯಾರಾದರೂ ಜಾರಿ ಬಿದ್ದರೆ ತಲೆಗೆ ಬರುತ್ತದೆ. ಹಿಮ ನೋಡೋಕೆ ಹತ್ತಿ, ಸಲಿಕೆಯಲ್ಲಿ ಎತ್ತಿದರೆ ಒದ್ದೆ ಮರಳು. ಟೋಪಿ ಹಿಂದಕ್ಕೆ ತಳ್ಳಿ, ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಾಗ ಪುಣೆಯವರು ಬಂದರು. 'ಇದು ನಮ್ಮ ವಾರ ಅಲ್ಲ ತಾನೇ?' ಅಂತ ಗಾಬರಿಯಲ್ಲಿ ಕೇಳಿದರು. ಅಲ್ಲ, ನಮ್ಮದೇ ಅಂದೆ.

ವಾಪಸ್ ಬಂದ ಅಜ್ಜಿ ಒಂದು ಮಧ್ಯಾಹ್ನ ಕಾಫಿಗೆ ಕರೆದು, ಇನ್ನು ಮೇಲೆ ನನ್ನನ್ನು 'ನೀನು' ಅನ್ನು ಅಂದರು. ಜರ್ಮನ್ನಿನಲ್ಲೂ ನಮ್ಮ ಹಾಗೇ ನೀನು, ನೀವು ಇದೆ. ದೊಡ್ಡವರು ತಾವಾಗಿ ಹೇಳುವ ತನಕ ನೀವು ಬಿಡುವ ಹಾಗಿಲ್ಲ. ಎಂಬತ್ತರ ಹೆಂಗಸಿಗೆ ನೀನು ಅನ್ನೋದಾ? ನಾಲಿಗೆ ಏಳಲಿಲ್ಲ. ರಾತ್ರಿ ಗಂಡನಿಗೆ ಹೇಳಿದರೆ, 'ನಿಮ್ಮಮ್ಮನಿಗೆ ಏನಂತೀಯ? ನಮ್ಮಮ್ಮನಿಗೆ ಏನಂತೀಯ?' ಅಂದರು. ಅಮ್ಮನಿಗೆ ನೀನು. ಅತ್ತೆಗೆ ನೀವು. ಸರಿ, ಅಜ್ಜಿ ಅಮ್ಮನ ಕಡೆ ಸೇರಿದರು.

ಹೋದ ವರ್ಷ ಮೂರು ವಾರ ರಜೆಗೆ ಬೆಂಗಳೂರಿಗೆ ಹೋಗಿದ್ದೆವು. ಅದೇ ಅಪಾರ್ಟ್‌ಮೆಂಟು, ಈಗ ಅತ್ತೆ ಮಾವ ಇದ್ದಾರೆ. ಹೊತ್ತಿನ ಲೆಕ್ಕ ತಪ್ಪಿ ನಸುಕಿಗೇ ಎಚ್ಚರವಾಗಿತ್ತು. ಹೊರಗೆ ಸರ ಸರ ಸದ್ದು. ಬಾಗಿಲು ತೆಗೆದೆ. ಅವರೇ. ಸೀರೆಯ ಮೇಲೆ ಈಗ ಹಸಿರು ಕೋಟು ಬಂದಿದೆ. ನನ್ನ ಕಣ್ಣು ಅವರ ಮುಖಕ್ಕಿಂತ ಮೊದಲು ಮೆಟ್ಟಿಲ ಮೂಲೆಗೆ ಹೋಯಿತು, ಅದು ನನಗೇ ಗೊತ್ತಾಯಿತು. ಮೂಲೆ ಚೊಕ್ಕಟವಾಗಿತ್ತು. ಅವರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ನಾನು ಇಳಿಯಲಿಲ್ಲ.

'ನಿಮ್ಮ ಹೆಸರೇನು?' ಅಂದೆ.

ಪೊರಕೆ ನಿಂತಿತು. ನನ್ನ ಮುಖ ನೋಡಿದರು, ನನ್ನ ಹಿಂದಿನ ಬಾಗಿಲು ನೋಡಿದರು, ಆಮೇಲೆ ತಾವು ಗುಡಿಸಿದ ಮೆಟ್ಟಿಲನ್ನು ಒಂದೊಂದಾಗಿ ನೋಡಿದರು.

'ಯಾಕಮ್ಮ, ಯಾರಾದ್ರೂ ಕಂಪ್ಲೇಂಟ್ ಕೊಟ್ರಾ?'